ರಾಡ್‌ಎಂಸಿ-3ಡಿ ರಿವ್ಯೂ: ಎಳೆ ನಕ್ಷತ್ರಗಳ ಡಿಸ್ಕ್‌ನ ಇನ್‌ಫ್ರಾರೆಡ್ ಸ್ಪೆಕ್ಟ್ರಮ್ ಮಾಡೆಲ್ ಮಾಡೋರಿಗೆ

ಹುಟ್ತಾ ಇರೋ ನಕ್ಷತ್ರಗಳ ಸುತ್ತ ಇರೋ ಧೂಳಿನ ಡಿಸ್ಕ್ ಬಗ್ಗೆ ಪ್ರಾಜೆಕ್ಟ್ ಮಾಡ್ತಿರೋ ಯಾರಾದ್ರೂ ಯಾವ ಸಾಫ್ಟ್‌ವೇರ್ ಹಿಡೀಲಿ ಅಂತ ಕೇಳಿದ್ರೆ ನಾನು ಹೇಳೋದು ರಾಡ್‌ಎಂಸಿ-3ಡಿ, ಧೂಳಿನ ಮೂಲಕ ಬೆಳಕು ಹೇಗೆ ಸಾಗತ್ತೆ ಅಂತ ಲೆಕ್ಕ ಹಾಕೋ ಪ್ರೋಗ್ರಾಮ್ ಇದು, ಜರ್ಮನಿಯ ಹೈಡಲ್‌ಬರ್ಗ್ ಯೂನಿವರ್ಸಿಟಿಯ ಕಾರ್ನೆಲಿಸ್ ಡುಲ್ಲೆಮಾಂಡ್ ಬರೆದಿರೋದು, ದುಡ್ಡು ಕೊಡ್ಬೇಕಿಲ್ಲ, ಗಿಟ್‌ಹಬ್‌ನಲ್ಲಿ ಕೋಡ್ ಪೂರ್ತಿ ಓಪನ್ ಇದೆ. ತುಂಬಾ ದಿನದಿಂದ ಇದನ್ನ ಬಳಸ್ತಾ ಇದೀನಿ, ಕನ್ನಡದಲ್ಲಿ ಇದರ ಬಗ್ಗೆ ಯಾರೂ ವಿವರವಾಗಿ ಬರ್ದಿರೋದು ನನ್ನ ಕಣ್ಣಿಗೆ ಬೀಳ್ಲಿಲ್ಲ, ಅದಕ್ಕೇ ಉದ್ದಕ್ಕೆ ಬರೀತಿದೀನಿ. ನನಗೆ ಇದು ಇಷ್ಟ ಆಗಿರೋ ಕಾರಣ ಒಂದೇ, ಇದು ನಮ್ಮ ಪರವಾಗಿ ಏನನ್ನೂ ಊಹೆ ಮಾಡಲ್ಲ. ಡಿಸ್ಕ್ ಎಲ್ಲಿ ಶುರುವಾಗತ್ತೆ, ಎಷ್ಟು ದಪ್ಪ, ಧೂಳಿನ ಕಣ ಎಷ್ಟು ದೊಡ್ಡದು, ಎಲ್ಲಾ ನಾವೇ ಕೈಯಾರೆ ಬರೆದು ಕೊಡ್ಬೇಕು, ಹಾಗಾಗಿ ಕೊನೆಗೆ ಬಂದ ಸ್ಪೆಕ್ಟ್ರಮ್‌ನಲ್ಲಿ (ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಅನ್ನೋ ಗ್ರಾಫ್) ನಾವು ಹಾಕಿದ್ದು ಯಾವ್ದು, ಫಿಸಿಕ್ಸ್ ಕೊಟ್ಟಿದ್ದು ಯಾವ್ದು ಅನ್ನೋದು ಕಣ್ಣಿಗೆ ಕಾಣತ್ತೆ.

ಇನ್‌ಫ್ರಾರೆಡ್ಡೇ ಯಾಕೆ ಅಂತ ಮೊದ್ಲು ಹೇಳ್ಬಿಡ್ತೀನಿ. ಸೂರ್ಯನಂಥ ನಕ್ಷತ್ರ ಎಳೇದಿದ್ದಾಗ, ಅಂದ್ರೆ ಟಿ ಟೌರಿ ಅಂತಾರಲ್ಲ ಆ ಹಂತದಲ್ಲಿ, ಅದರ ಮೇಲ್ಮೈ ಸುಮಾರು 4000 ಕೆಲ್ವಿನ್ ಇರತ್ತೆ, ಅದರ ಬೆಳಕು 0.7 ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ತರಂಗಾಂತರದ ಹತ್ರ ಜೋರಾಗಿರತ್ತೆ, 10 ಮೈಕ್ರಾನ್‌ಗೆ ಬರೋಷ್ಟರಲ್ಲಿ ನಕ್ಷತ್ರದ ಪಾಲು ತುಂಬಾ ಕಮ್ಮಿ ಆಗಿರತ್ತೆ. ಆದ್ರೆ ನಿಜವಾಗ್ಲೂ ಅಳತೆ ಮಾಡಿದ್ರೆ ಅಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬೆಳಕು ಸಿಗತ್ತೆ, ಆ ಹೆಚ್ಚುವರಿ ಎಲ್ಲಾ ನಕ್ಷತ್ರದ ಬಿಸಿಲಿಗೆ ಕಾದ ಧೂಳಿಂದು. 1500 ಕೆಲ್ವಿನ್ ಧೂಳು 2 ಮೈಕ್ರಾನ್ ಹತ್ರ, 300 ಕೆಲ್ವಿನ್ ಧೂಳು 10 ಮೈಕ್ರಾನ್ ಹತ್ರ, 30 ಕೆಲ್ವಿನ್ ಧೂಳು 100 ಮೈಕ್ರಾನ್ ಹತ್ರ ಹೊಳೆಯತ್ತೆ. ನಕ್ಷತ್ರದಿಂದ ದೂರ ಹೋದಷ್ಟೂ ಧೂಳು ತಣ್ಣಗಾಗೋದ್ರಿಂದ, ಸ್ಪೆಕ್ಟ್ರಮ್‌ನ ಎಡದಿಂದ ಬಲಕ್ಕೆ ಓದ್ತಾ ಹೋದ್ರೆ ಡಿಸ್ಕ್‌ನ ಒಳ ಅಂಚಿಂದ ಹೊರಕ್ಕೆ ನಡ್ಕೊಂಡು ಹೋದ ಹಾಗೇ ಲೆಕ್ಕ. ದೂರದರ್ಶಕಕ್ಕೆ ಡಿಸ್ಕ್ ಬರೀ ಒಂದು ಚುಕ್ಕೆಯಾಗಿ ಕಂಡ್ರೂ ಅದರೊಳಗಿನ ವಿವರ ಸಿಗೋದು ಇದೇ ದಾರೀಲಿ. ನೆಲದಿಂದ ನೋಡೋಣ ಅಂದ್ರೆ 8ರಿಂದ 13 ಮೈಕ್ರಾನ್ ಒಂದು ಕಿಟಕಿ ಇದೆ, ಅದರ ಆಚೆ ಈಚೆ ಗಾಳೀಲಿರೋ ನೀರಾವಿ, ಕಾರ್ಬನ್ ಡೈಆಕ್ಸೈಡ್ ಅಡ್ಡ ಬರತ್ತೆ. ಅದಕ್ಕೇ 2003ರಲ್ಲಿ ಹಾರಿದ ಸ್ಪಿಟ್ಜರ್ ದೂರದರ್ಶಕದ ಐಆರ್‌ಎಸ್ ಉಪಕರಣ, 5ರಿಂದ 38 ಮೈಕ್ರಾನ್‌ವರೆಗೆ ನೋಡ್ತಿತ್ತು, ಈ ಕ್ಷೇತ್ರಾನೇ ಬದಲಾಯಿಸಿಬಿಡ್ತು, ಈಗ ಜೇಮ್ಸ್ ವೆಬ್‌ನ ಮಿರಿ 5ರಿಂದ 28 ಮೈಕ್ರಾನ್ ನೋಡ್ತಿದೆ.

ಇನ್‌ಸ್ಟಾಲ್ ಮಾಡೋದು ಸುಲಭ. ಲಿನಕ್ಸ್ ಅಥವಾ ಮ್ಯಾಕ್ ಇರ್ಬೇಕು, ಜಿಫೋರ್ಟ್ರಾನ್ ಅನ್ನೋ ಕಂಪೈಲರ್ ಇರ್ಬೇಕು, ಗಿಟ್‌ಹಬ್‌ನಿಂದ ಇಳಿಸ್ಕೊಂಡು ಸೋರ್ಸ್ ಫೋಲ್ಡರ್‌ಗೆ ಹೋಗಿ ಮೇಕ್ ಅಂತ ಕೊಟ್ರೆ ಆಯ್ತು. ಜೊತೆಗೆ ಆಟಿಲಾ ಯುಹಾಸ್ ಬರೆದ ಪೈಥಾನ್ ಪ್ಯಾಕೇಜ್ ಇದೆ, ಮಾಡೆಲ್ ತಯಾರಿ ಮಾಡೋಕೂ ಪ್ಲಾಟ್ ನೋಡೋಕೂ ಅದೇ ಸಾಕು. ದೊಡ್ಡ ಕಂಪ್ಯೂಟರೇನೂ ಬೇಡ. ಅಕ್ಷದ ಸುತ್ತ ಒಂದೇ ಥರ ಇರೋ ಸಾದಾ ಡಿಸ್ಕ್‌ನ ಹತ್ತು ಲಕ್ಷ ಫೋಟಾನ್ ಪೊಟ್ಟಣ (ಬೆಳಕಿನ ಶಕ್ತಿಯ ಕಂತೆ) ಹಾಕಿ ಓಡಿಸಿದ್ರೆ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಕೆಲವು ನಿಮಿಷದಲ್ಲಿ ಮುಗಿಯತ್ತೆ. ಧಾರವಾಡ, ಮೈಸೂರು, ಕಲಬುರಗಿ ಕಡೆ ಡಿಪಾರ್ಟ್‌ಮೆಂಟ್‌ನಲ್ಲಿ ಕ್ಲಸ್ಟರ್ ಇಲ್ದೆ ಎಂಎಸ್ಸಿ ಪ್ರಾಜೆಕ್ಟ್ ಮಾಡೋ ಹುಡುಗ ಹುಡುಗೀರಿಗೆ ಇದು ಎಷ್ಟು ದೊಡ್ಡ ವಿಷ್ಯ ಅಂತ ನಾನು ಬೇರೆ ಹೇಳ್ಬೇಕಿಲ್ಲ.

ಕೆಲಸ ಮಾಡೋ ರೀತಿ ಹೀಗಿದೆ. ಎಲ್ಲಾ ಇನ್‌ಪುಟ್ಟೂ ಸಾದಾ ಟೆಕ್ಸ್ಟ್ ಫೈಲ್, ನೋಟ್‌ಪ್ಯಾಡ್‌ನಲ್ಲಿ ತೆಗೆದು ಓದ್ಬೋದು. ನಕ್ಷತ್ರಕ್ಕೆ ಒಂದು, ಜಾಲರಿಗೆ (ಡಿಸ್ಕನ್ನ ಸಣ್ಣ ಸಣ್ಣ ಕೋಶಗಳಾಗಿ ಕತ್ತರಿಸೋ ಗ್ರಿಡ್) ಒಂದು, ಧೂಳಿನ ಸಾಂದ್ರತೆಗೆ ಒಂದು, ತರಂಗಾಂತರಗಳ ಪಟ್ಟಿಗೆ ಒಂದು, ಧೂಳಿನ ಒಪ್ಯಾಸಿಟಿಗೆ, ಅಂದ್ರೆ ಯಾವ ತರಂಗಾಂತರದ ಬೆಳಕನ್ನ ಧೂಳು ಎಷ್ಟು ತಡೆಯತ್ತೆ ಅನ್ನೋದಕ್ಕೆ, ಒಂದು. ಅಳತೆಗಳೆಲ್ಲಾ ಸೆಂಟಿಮೀಟರ್, ಗ್ರಾಮ್, ಸೆಕೆಂಡ್‌ನಲ್ಲೇ ಇರ್ಬೇಕು, ತರಂಗಾಂತರ ಮಾತ್ರ ಮೈಕ್ರಾನ್. ಆಮೇಲೆ ಎಂಸಿಥರ್ಮ್ ಅನ್ನೋ ಕಮಾಂಡ್ ಕೊಟ್ರೆ ಮಾಂಟೆ ಕಾರ್ಲೊ, ಅಂದ್ರೆ ದಾಳ ಉರುಳಿಸಿದ ಹಾಗೆ ರ‍್ಯಾಂಡಮ್ ಆಗಿ ಲೆಕ್ಕ ಹಾಕೋದು, ಶುರು. ನಕ್ಷತ್ರದ ಶಕ್ತಿನ ಸಮನಾಗಿ ಹಂಚಿ ಒಂದೊಂದು ಪೊಟ್ಟಣ ಮಾಡಿ ಹೊರಗೆ ಬಿಡತ್ತೆ, ಪೊಟ್ಟಣ ಎಲ್ಲೋ ಧೂಳಿಗೆ ತಗಲಿ ಚದುರತ್ತೆ, ಇಲ್ಲಾ ಹೀರಲ್ಪಡತ್ತೆ, ಹೀರಿದ ಜಾಗ ಒಂಚೂರು ಬಿಸಿಯಾಗತ್ತೆ, ಅಷ್ಟೇ ಶಕ್ತಿಯ ಪೊಟ್ಟಣ ಬೇರೆ ತರಂಗಾಂತರದಲ್ಲಿ ತಕ್ಷಣ ಅಲ್ಲಿಂದ ವಾಪಸ್ ಹೊರಡತ್ತೆ, ಹೀಗೇ ಡಿಸ್ಕ್‌ನಿಂದ ಆಚೆ ಹೋಗೋ ತನಕ. ಈ ಉಪಾಯ ಬ್ಯೋರ್ಕ್‌ಮನ್ ಮತ್ತು ವುಡ್ 2001ರಲ್ಲಿ ಕೊಟ್ಟಿದ್ದು, ಇದರ ಚಂದ ಏನಪ್ಪಾ ಅಂದ್ರೆ ಒಂದು ಪೊಟ್ಟಣಾನೂ ಕಳೆದು ಹೋಗಲ್ಲ, ಒಳಗೆ ಹೋದಷ್ಟೇ ಶಕ್ತಿ ಆಚೆ ಬರತ್ತೆ, ಹಾಗಾಗಿ ತಾಪಮಾನ ಸರಿ ಮಾಡ್ಕೊಳ್ಳೋಕೆ ಮತ್ತೆ ಮತ್ತೆ ಸುತ್ತು ಹಾಕ್ಬೇಕಿಲ್ಲ. ಪ್ರತಿ ಕೋಶದ ತಾಪಮಾನ ಸಿಕ್ಕ ಮೇಲೆ ಎಸ್‌ಇಡಿ ಅಂತ ಇನ್ನೊಂದು ಕಮಾಂಡ್, ಯಾವ ಕೋನದಿಂದ ನೋಡ್ತೀವಿ ಅಂತ ಒಂದು ಸಂಖ್ಯೆ, ಅಷ್ಟೇ, ಸ್ಪೆಕ್ಟ್ರಮ್ ಕೈಗೆ ಬರತ್ತೆ. ಬರೋ ಫ್ಲಕ್ಸ್ (ನಮಗೆ ತಲುಪೋ ಬೆಳಕಿನ ಪ್ರಮಾಣ) 1 ಪಾರ್ಸೆಕ್, ಅಂದ್ರೆ ಸುಮಾರು 3.26 ಜ್ಯೋತಿರ್ವರ್ಷ ದೂರದ ಲೆಕ್ಕದಲ್ಲಿರತ್ತೆ, ವೃಷಭ ರಾಶಿ ಕಡೆ ಹುಟ್ತಾ ಇರೋ ಎಳೆ ನಕ್ಷತ್ರ ಆದ್ರೆ ಸುಮಾರು 140 ಪಾರ್ಸೆಕ್ ಅಂತ ಇಟ್ಕೊಂಡು ಅದರ ವರ್ಗ ಅಂದ್ರೆ 19,600ರಿಂದ ಭಾಗಿಸ್ಕೊಳಿ. ಇನ್ನೊಂದು, ಸಾಂದ್ರತೆಯ ಫೈಲ್‌ಗೆ ಹಾಕೋದು ಧೂಳಿನ ಸಾಂದ್ರತೆ ಮಾತ್ರ, ಅನಿಲದ್ದಲ್ಲ, ಡಿಸ್ಕ್ ಸೂರ್ಯನ ದ್ರವ್ಯರಾಶಿಯ ನೂರರಲ್ಲೊಂದು ಭಾಗ ಅಂದ್ರೆ ಧೂಳು ಅದರ ನೂರರಲ್ಲೊಂದು ಅಂತ ಸಾಮಾನ್ಯವಾಗಿ ತಗೋತಾರೆ.

ಒಂದು ಸಣ್ಣ ವಿಷ್ಯ ಹೇಳ್ತೀನಿ, ಇದನ್ನ ಬರೆದೋರಿಗೆ ಡಿಸ್ಕ್‌ಗಳ ಮೇಲೆ ಎಷ್ಟು ಪ್ರೀತಿ ಅನ್ನೋದು ಇದರಲ್ಲೇ ಗೊತ್ತಾಗತ್ತೆ. ಜೊತೆಗೆ ಕೊಟ್ಟಿರೋ ಉದಾಹರಣೆ ಸ್ಕ್ರಿಪ್ಟ್‌ಗಳಲ್ಲಿ ತರಂಗಾಂತರದ ಪಟ್ಟಿ ಮಾಡಿರೋದು ನೋಡಿ, 0.1ರಿಂದ 7 ಮೈಕ್ರಾನ್‌ವರೆಗೆ 20 ಬಿಂದು, 25ರಿಂದ 10,000 ಮೈಕ್ರಾನ್‌ವರೆಗೆ 30 ಬಿಂದು, ಆದ್ರೆ 7ರಿಂದ 25ರ ನಡುವೆ ಮಾತ್ರ 100 ಬಿಂದು! ಯಾಕಂದ್ರೆ ಸಿಲಿಕೇಟ್ ಅಂದ್ರೆ ಕಲ್ಲಿನ ಪುಡಿ ತನ್ನ ಗುರುತು ಬಿಡೋದು ಅಲ್ಲೇ, 10 ಮೈಕ್ರಾನ್ ಹತ್ರ ಒಂದು ಉಬ್ಬು, 18ರಿಂದ 20ರ ಹತ್ರ ಇನ್ನೊಂದು ಉಬ್ಬು. ಅಲ್ಲಿ ಬಿಂದು ಕಮ್ಮಿ ಇಟ್ರೆ ಉಬ್ಬು ಮೊಂಡಾಗಿ ಕಾಣತ್ತೆ, ಆಮೇಲೆ ಕಣ ದೊಡ್ಡದಿದೆ ಅಂತ ಯಾರೋ ತೀರ್ಮಾನ ಮಾಡ್ಕೊಂಡು ಬಿಡ್ತಾರೆ.

ಹೊಸಬ್ರು ಎಲ್ಲಕ್ಕಿಂತ ಮುಂಚೆ ಮಾಡ್ಬೇಕಾದ್ದು ಈ 10 ಮೈಕ್ರಾನ್ ಉಬ್ಬಿನ ಆಟ, ನಿಜವಾಗ್ಲೂ ಇದೊಂದಕ್ಕೇ ಈ ಸಾಫ್ಟ್‌ವೇರ್ ಇಳಿಸ್ಕೊಳೋದು ಲಾಭ. ಡಿಸ್ಕ್ ಏನೂ ಬದಲಾಯಿಸ್ಬೇಡಿ, ಒಪ್ಯಾಸಿಟಿ ಫೈಲ್ ಒಂದೇ ಬದಲಾಯಿಸಿ. ಕಣ 0.1 ಮೈಕ್ರಾನ್ ಇದ್ದಾಗ ಉಬ್ಬು ಚೂಪಾಗಿ, 9.8ರ ಆಸುಪಾಸಲ್ಲಿ ತುದಿ ಇಟ್ಕೊಂಡು ಎದ್ದು ನಿಲ್ಲತ್ತೆ. 2 ಮೈಕ್ರಾನ್‌ಗೆ ಬಂದ್ರೆ ತಲೆ ಚಪ್ಪಟೆಯಾಗಿ ಅಗಲ ಆಗತ್ತೆ, ಎತ್ತರ ಇಳಿಯತ್ತೆ. 10 ಮೈಕ್ರಾನ್ ಕಣ ಹಾಕಿದ್ರೆ ಉಬ್ಬೇ ಹೆಚ್ಚೂ ಕಮ್ಮಿ ಮಾಯ. ಧೂಳು ಒಂದಕ್ಕೊಂದು ಅಂಟ್ಕೊಂಡು ಬೆಳೀತಾ ಇದೆ, ಗ್ರಹ ಆಗೋ ಕೆಲಸದ ಮೊದಲ ಹೆಜ್ಜೆ ಇಟ್ಟಿದೆ ಅನ್ನೋದಕ್ಕೆ ಸ್ಪಿಟ್ಜರ್ ಸ್ಪೆಕ್ಟ್ರಮ್‌ಗಳಿಂದ ಜನ ಕೊಟ್ಟ ಸಾಕ್ಷಿ ಇದೇ ಆಕಾರದ್ದು. ಆದ್ರೆ ಒಂದು ಎಚ್ಚರ ಇರ್ಲಿ, ಈ ಉಬ್ಬು ಬರೋದು ಡಿಸ್ಕ್‌ನ ಮೇಲ್ಪದರದಿಂದ, ನಕ್ಷತ್ರದ ಬೆಳಕು ನೇರ ಬಿದ್ದು ಬಿಸಿಯಾದ ತೆಳು ಪದರದಿಂದ. ಒಳಗೆ ನಡುಪದರದಲ್ಲಿ ಕಲ್ಲುಗಳೇ ಬೆಳೆದಿದ್ರೂ ಇದಕ್ಕೆ ಗೊತ್ತಾಗಲ್ಲ. ಮಾಡೆಲ್‌ನಲ್ಲಿ ನಡುಪದರಕ್ಕೆ ದೊಡ್ಡ ಕಣ ತುಂಬಿ, ಮೇಲೆ ಸಣ್ಣ ಕಣ ಬಿಟ್ಟು ಓಡಿಸಿ ನೋಡಿ, 10 ಮೈಕ್ರಾನ್ ಉಬ್ಬು ಹಾಗೇ ಇರತ್ತೆ.

ಹರಳಾದ ಸಿಲಿಕೇಟ್ ಸೇರಿಸಿದ್ರೆ ಇನ್ನೂ ಮಜಾ. ಫಾರ್ಸ್ಟರೈಟ್ ಅನ್ನೋ ಹರಳು ಸಿಲಿಕೇಟ್‌ನ ಒಪ್ಯಾಸಿಟಿನ ಎರಡನೇ ಧೂಳಾಗಿ ಒಂಚೂರು ಕೊಟ್ರೆ 11.3 ಮೈಕ್ರಾನ್‌ನಲ್ಲಿ ಚೂಪಾದ ಭುಜ ಏಳತ್ತೆ, ಆಮೇಲೆ 23 ಮತ್ತೆ 33 ಮೈಕ್ರಾನ್ ಹತ್ರಾನೂ. ಅಂತರತಾರಾ ಧೂಳಲ್ಲಿ ಹರಳು ಇಲ್ಲ ಅನ್ನೋಷ್ಟು ಕಮ್ಮಿ, ಹಾಗಾದ್ರೆ ಡಿಸ್ಕ್‌ನಲ್ಲಿ ಎಲ್ಲಿಂದ ಬಂತು? 2008ರಲ್ಲಿ ಇಎಕ್ಸ್ ಲೂಪಿ ಅನ್ನೋ ನಕ್ಷತ್ರ ಇದ್ದಕ್ಕಿದ್ದಂಗೆ ಭುಗಿಲೆದ್ದಾಗ ಸ್ಪಿಟ್ಜರ್ ಅದನ್ನ ನೋಡ್ತು, ಮುಂಚೆ ಇಲ್ದೇ ಇದ್ದ ಫಾರ್ಸ್ಟರೈಟ್ ಗುರುತು ಆಗ ಕಾಣಿಸ್ಕೊಂಡಿತ್ತು, ಬಿಸಿಗೆ ಧೂಳು ಹರಳಾಗಿದ್ದನ್ನ ಹೆಚ್ಚೂ ಕಮ್ಮಿ ಕಣ್ಣೆದುರೇ ನೋಡಿದ ಹಾಗಾಯ್ತು. ಎಚ್‌ಡಿ 100546 ಅನ್ನೋ ನಕ್ಷತ್ರದ ಡಿಸ್ಕ್‌ನ ಸ್ಪೆಕ್ಟ್ರಮ್ ನಮ್ಮ ಹೇಲ್-ಬಾಪ್ ಧೂಮಕೇತುವಿನ ಸ್ಪೆಕ್ಟ್ರಮ್ ಥರಾನೇ ಇದೆ ಅಂತ ಯುರೋಪಿನ ಐಎಸ್‌ಒ ದೂರದರ್ಶಕ ತೋರಿಸಿದ್ದು ಓದಿದಾಗ ನನಗೆ ಮೈ ಜುಂ ಅಂದಿತ್ತು. ಇಲ್ಲಿ ಒಂದು ತೊಡಕಿದೆ, ಹರ್ಬಿಗ್ ಅನ್ನೋ, ಟಿ ಟೌರಿಗಿಂತ ಬಿಸಿ ಜಾಸ್ತಿ ಇರೋ ಎಳೆ ನಕ್ಷತ್ರಗಳಲ್ಲಿ ಪಿಎಎಚ್ (ಇಂಗಾಲದ ಉಂಗುರಗಳು ಸೇರಿ ಆದ) ಅಣುಗಳ ಗುರುತೂ 11.3ರ ಹತ್ರಾನೇ ಬರತ್ತೆ. ಆ ಅಣುಗಳು ಒಂದೊಂದು ಫೋಟಾನ್‌ಗೆ ಒಂದೊಂದು ಸಲ ಕಾದು ತಣ್ಣಗಾಗೋವು, ಎಂಸಿಥರ್ಮ್‌ನ ಸಾಮಾನ್ಯ ಲೆಕ್ಕದಲ್ಲಿ ಅವು ಬರಲ್ಲ, ಹಾಗಾಗಿ ಅಲ್ಲಿ ಉಳಿದದ್ದನ್ನೆಲ್ಲಾ ಫಾರ್ಸ್ಟರೈಟ್ ತಲೆಗೆ ಕಟ್ಬೇಡಿ. 6.2, 7.7, 8.6 ಮೈಕ್ರಾನ್‌ನಲ್ಲೂ ಪಿಎಎಚ್ ಕಾಣ್ತಿದ್ಯಾ ಅಂತ ಮೊದ್ಲು ನೋಡಿ.

ಒಪ್ಯಾಸಿಟಿ ಫೈಲ್ ಎಲ್ಲಿಂದ ತರೋದು ಅನ್ನೋದು ಹಿಂದೆ ದೊಡ್ಡ ತಲೆನೋವು, ಈಗ ಆಪ್‌ಟೂಲ್ ಇದೆ, 2021ರಲ್ಲಿ ಡೊಮಿನಿಕ್, ಮಿನ್, ತಜಾಕಿ ಬಿಟ್ಟಿದ್ದು. ಯಾವ ಖನಿಜ, ಎಷ್ಟು ಭಾಗ ಇಂಗಾಲ, ಎಷ್ಟು ಪೊಳ್ಳು, ಕಣದ ಗಾತ್ರ ಎಲ್ಲಿಂದ ಎಲ್ಲಿವರೆಗೆ ಅಂತ ಒಂದೇ ಸಾಲಲ್ಲಿ ಕೊಟ್ರೆ ರಾಡ್‌ಎಂಸಿಗೆ ಬೇಕಾದ ರೂಪದಲ್ಲೇ ಫೈಲ್ ಬರತ್ತೆ. ಏನೂ ಕೊಡದೇ ಇದ್ರೆ ಅದು ತಗೊಳೋದು ಪೈರಾಕ್ಸಿನ್ 87 ಭಾಗ, ಇಂಗಾಲ 13 ಭಾಗ, ಕಾಲು ಭಾಗ ಪೊಳ್ಳು. ಇವೆರಡನ್ನ ಜೋಡಿ ಅಂತಾನೇ ಅಂದ್ಕೊಳಿ, ಒಂದನ್ನ ಬಿಟ್ಟು ಇನ್ನೊಂದು ಬಳಸೋದು ಕಷ್ಟ.

ಇನ್ನು ಕಷ್ಟ ಎಲ್ಲೆಲ್ಲಿ ಅಂತ ಹೇಳ್ತೀನಿ. ಮೊದಲನೇದು ಒಳ ಅಂಚು. ಧೂಳು ಸುಮಾರು 1500 ಕೆಲ್ವಿನ್‌ಗೆ ಆವಿಯಾಗೋದ್ರಿಂದ ನಕ್ಷತ್ರಕ್ಕೆ ತೀರಾ ಹತ್ರ ಧೂಳು ಇರಲ್ಲ, ಅಲ್ಲೊಂದು ಗೋಡೆ ಥರ ಅಂಚು ಇರತ್ತೆ, ಬೆಳಕು ಅದಕ್ಕೆ ನೇರಾ ಬಡಿಯತ್ತೆ, ಅಂಚು ಕಾದು ಉಬ್ಬಿ ಹಿಂದಿನ ಭಾಗಕ್ಕೆ ನೆರಳು ಹಾಕತ್ತೆ. ಡುಲ್ಲೆಮಾಂಡ್, ಡೊಮಿನಿಕ್, ನಟ್ಟಾ 2001ರಲ್ಲಿ ಹೇಳಿದ್ದು ಇದನ್ನೇ, ಹರ್ಬಿಗ್ ನಕ್ಷತ್ರಗಳಲ್ಲಿ 3 ಮೈಕ್ರಾನ್ ಹತ್ರ ಕಾಣೋ ಉಬ್ಬಿಗೆ ಆಗ ಒಂದು ಕಾರಣ ಸಿಕ್ತು. ಆ ಗೋಡೆಯ ಮೊದಲ ತೆಳು ಪದರದಲ್ಲೇ ಬೆಳಕೆಲ್ಲಾ ಹೀರಿಹೋಗತ್ತೆ, ಜಾಲರಿಯ ಕೋಶ ಅದಕ್ಕಿಂತ ದಪ್ಪ ಇದ್ರೆ ಗೋಡೆಯ ತಾಪಮಾನ ನಿಜಕ್ಕಿಂತ ಕಮ್ಮಿ ಬಂದು, 2ರಿಂದ 5 ಮೈಕ್ರಾನ್ ಭಾಗ ಪೂರ್ತಿ ತಪ್ಪಾಗತ್ತೆ, ಆದ್ರೆ ಪ್ರೋಗ್ರಾಮ್ ಯಾವ ಎರರ್ರೂ ಕೊಡದೇ ಮುಗಿಯತ್ತೆ. ಹಾಗಾಗಿ ಒಳ ಅಂಚಲ್ಲಿ ಕೋಶಗಳನ್ನ ಸೀಳಿ ಸೀಳಿ ಸಣ್ಣ ಮಾಡ್ಬೇಕು, ಎರಡು ಪಟ್ಟು ಸಣ್ಣ ಮಾಡಿ ಮತ್ತೆ ಓಡಿಸಿ ಸ್ಪೆಕ್ಟ್ರಮ್ ಅಲ್ಲಾಡಲ್ಲ ಅನ್ನೋ ತನಕ ನಂಬ್ಬೇಡಿ.

ಎರಡನೇದು ನಡುಪದರದ ಗದ್ದಲ, ಅಂದ್ರೆ ಲೆಕ್ಕದಲ್ಲಿ ಬರೋ ನಾಯ್ಸ್. ಅಲ್ಲಿಗೆ ಪೊಟ್ಟಣಗಳು ತಲುಪೋದೇ ಅಪರೂಪ, ತಾಪಮಾನದ ಚಿತ್ರದಲ್ಲಿ ಅಲ್ಲಿ ಚುಕ್ಕೆ ಚುಕ್ಕೆ ಕಾಣತ್ತೆ. 10 ಮೈಕ್ರಾನ್‌ಗೆ ಇದ್ರಿಂದ ಅಷ್ಟು ತೊಂದ್ರೆ ಇಲ್ಲ, ಮಿಲಿಮೀಟರ್ ಭಾಗಕ್ಕೆ ತೊಂದ್ರೆ ಇದೆ. ಪೊಟ್ಟಣ ಜಾಸ್ತಿ ಮಾಡಿ, ಡೀಫಾಲ್ಟ್ 1 ಲಕ್ಷ ಸಾಲಲ್ಲ. ದಟ್ಟ ಕೋಶದಲ್ಲಿ ಪೊಟ್ಟಣ ಸಿಕ್ಕಾಕ್ಕೊಂಡು ಗಂಟೆಗಟ್ಲೆ ಸುತ್ತಾ ಇದ್ರೆ ಮಾಡಿಫೈಡ್ ರ‍್ಯಾಂಡಮ್ ವಾಕ್ ಅನ್ನೋ ಸ್ವಿಚ್ ಆನ್ ಮಾಡಿ, ಸಮಯ ತುಂಬಾ ಉಳಿಯತ್ತೆ. ನಾಕು ಕೋರ್ ಇದ್ರೆ ಥ್ರೆಡ್ ನಾಕು ಅಂತ ಕೊಡೋದು ಮರೀಬೇಡಿ.

ಮೂರನೇದು ಕೆಲವರಿಗೆ ದೊಡ್ಡ ಕೊರತೆ ಅನ್ಸತ್ತೆ, ಡಿಸ್ಕ್ ಎಷ್ಟು ದಪ್ಪ ಅನ್ನೋದನ್ನ ಇದು ತಾನಾಗೇ ಲೆಕ್ಕ ಹಾಕಲ್ಲ. ನಿಜವಾದ ಡಿಸ್ಕ್‌ನಲ್ಲಿ ಬಿಸಿ ಜಾಸ್ತಿ ಆದ್ರೆ ಅನಿಲ ಉಬ್ಬತ್ತೆ, ಉಬ್ಬಿದ್ರೆ ಬೆಳಕು ಜಾಸ್ತಿ ಬೀಳತ್ತೆ, ಹೀಗೆ ಎರಡೂ ಸೇರಿ ಒಂದು ಸಮತೋಲಕ್ಕೆ ಬರತ್ತೆ. ಕೆನ್ಯನ್ ಮತ್ತು ಹಾರ್ಟ್‌ಮನ್ 1987ರಲ್ಲೇ ಡಿಸ್ಕ್ ಚಪ್ಪಟೆ ಅಲ್ಲ, ಹೊರಗೆ ಹೋದಂಗೆ ಬಾಣಲೆ ಥರ ಅಂಚು ಮೇಲೇಳತ್ತೆ, ಅದಕ್ಕೇ ದೂರದ ಇನ್‌ಫ್ರಾರೆಡ್‌ನಲ್ಲಿ ಅಷ್ಟು ಬೆಳಕು ಅಂತ ಹೇಳಿದ್ರು, 1997ರಲ್ಲಿ ಚಿಯಾಂಗ್ ಮತ್ತು ಗೋಲ್ಡ್‌ರೈಕ್ ಅದನ್ನ ಎರಡು ಪದರದ ಸುಲಭ ಮಾಡೆಲ್ ಮಾಡಿ ಕೊಟ್ರು. ರಾಡ್‌ಎಂಸಿ-3ಡಿಯಲ್ಲಿ ಈ ಸಮತೋಲ ಬೇಕು ಅಂದ್ರೆ ತಾಪಮಾನ ತಗೊಂಡು ಹೊಸ ಸಾಂದ್ರತೆ ಬರೆದು ಮತ್ತೆ ಓಡಿಸೋ ಲೂಪ್ ನಾವೇ ಪೈಥಾನ್‌ನಲ್ಲಿ ಬರೀಬೇಕು. ನನಗೆ ಇದು ಕೊರತೆ ಅನ್ಸಲ್ಲ. ದಪ್ಪಾನ ಕೈಯಲ್ಲಿ ಹಿಡ್ಕೊಂಡು ಒಂಚೂರು ಇಳಿಸಿ ನೋಡಿದಾಗ್ಲೇ 20 ಮೈಕ್ರಾನ್ ಆಚೆ ಸ್ಪೆಕ್ಟ್ರಮ್ ಹೇಗೆ ಕುಸಿಯತ್ತೆ ಅಂತ ಗೊತ್ತಾಗೋದು, ಹರ್ಬಿಗ್ ಡಿಸ್ಕ್‌ಗಳನ್ನ ದೂರದ ಇನ್‌ಫ್ರಾರೆಡ್ ಜಾಸ್ತಿ ಇರೋ ಗ್ರೂಪ್ 1, ಕಮ್ಮಿ ಇರೋ ಗ್ರೂಪ್ 2 ಅಂತ ಯಾಕೆ ವಿಂಗಡಿಸಿದ್ರು ಅನ್ನೋದು ಆಗ ಅರ್ಥ ಆಗತ್ತೆ. ಆದ್ರೆ ನೀರಾವಿ, ಕಾರ್ಬನ್ ಮಾನಾಕ್ಸೈಡ್ ಥರದ ಅನಿಲದ ಗೆರೆಗಳು ವೆಬ್ ಸ್ಪೆಕ್ಟ್ರಮ್‌ನಲ್ಲಿ ತುಂಬಿ ತುಳುಕ್ತಿವೆ, ಗೆರೆ ಲೆಕ್ಕ ಹಾಕೋ ಭಾಗ ಇದರಲ್ಲಿ ಇದ್ರೂ ಅನಿಲದ ತಾಪಮಾನ, ರಸಾಯನ ಇವನ್ನ ಇದು ತಾನೇ ಕಂಡುಹಿಡಿಯಲ್ಲ. ಅದೇ ನಿಮ್ಮ ಮುಖ್ಯ ಕೆಲಸ ಆದ್ರೆ ಪ್ರೊಡಿಮೊ, ಡಾಲಿ ಥರದ ಕೋಡ್ ನೋಡಿ. ಬರೀ ಧೂಳಿಗಾದ್ರೆ ಎಂಸಿಫೋಸ್ಟ್, ಹೈಪೀರಿಯನ್ ಕೂಡ ಗಟ್ಟಿ ಕೋಡ್‌ಗಳು.

ಮಾಡೆಲ್ ಒಂದಕ್ಕೆ ಹೊಂದಿತು ಅಂತ ತಕ್ಷಣ ಖುಷಿ ಪಡೋರಿಗೆ ನಾನು ಯಾವಾಗ್ಲೂ ಹೇಳೋದು ಕೋಕು ಟೌ/4 ಕಥೆ. ವೃಷಭ ರಾಶಿಯ ಈ ನಕ್ಷತ್ರದ ಸ್ಪೆಕ್ಟ್ರಮ್ 2004ರಲ್ಲಿ ಸ್ಪಿಟ್ಜರ್‌ನಿಂದ ಬಂತು, 8 ಮೈಕ್ರಾನ್‌ವರೆಗೆ ಬರೀ ನಕ್ಷತ್ರ, ಧೂಳಿನ ಸುಳಿವೇ ಇಲ್ಲ, ಆಚೆ ಒಂದೇ ಸಲ ಜಿಗಿದು ಮೇಲೇರತ್ತೆ. ಮಾಡೆಲ್ ಮಾಡಿದೋರು ಸುಮಾರು 10 ಖಗೋಳಮಾನದವರೆಗೆ (ಒಂದು ಖಗೋಳಮಾನ ಅಂದ್ರೆ ಭೂಮಿಯಿಂದ ಸೂರ್ಯನಿಗಿರೋ ದೂರ) ಡಿಸ್ಕ್ ಖಾಲಿ, ಅಲ್ಲಿಂದ ಗೋಡೆ ಶುರು ಅಂತ ಕಂಡ್ಕೊಂಡ್ರು, ಲೆಕ್ಕ ಚೆನ್ನಾಗಿ ಕೂತ್ಕೊಂಡಿತು. ಒಳಗೊಂದು ಗ್ರಹ ಹುಟ್ಟಿ ಜಾಗ ಗುಡಿಸಿದೆ ಅಂತ ಎಲ್ಲರಿಗೂ ಆಸೆ. 2008ರಲ್ಲಿ ಹವಾಯಿಯ ಕೆಕ್ ದೂರದರ್ಶಕದಿಂದ ಐರ್‌ಲೆಂಡ್ ಮತ್ತು ಕ್ರೌಸ್ ನೋಡಿದ್ರೆ ಒಳಗಿದ್ದಿದ್ದು ಇನ್ನೊಂದು ನಕ್ಷತ್ರ, ಸುಮಾರು 8 ಖಗೋಳಮಾನ ದೂರದಲ್ಲಿ! ಖಾಲಿ ಜಾಗದ ಲೆಕ್ಕ ತಪ್ಪಲ್ಲ, ಅದು ಸರಿಯಾಗೇ ಇತ್ತು, ಆದ್ರೆ ಖಾಲಿ ಮಾಡಿದ್ದು ಯಾರು ಅನ್ನೋದನ್ನ ಆ ಸ್ಪೆಕ್ಟ್ರಮ್ ಹೇಳೋಕೆ ಸಾಧ್ಯವೇ ಇರ್ಲಿಲ್ಲ. ಇನ್‌ಫ್ರಾರೆಡ್ ಸ್ಪೆಕ್ಟ್ರಮ್ ಹೇಳೋದು ಧೂಳಿನ ತಾಪಮಾನ, ಜಾತಿ, ಗಾತ್ರ ಇಷ್ಟೇ, ಉಳಿದದ್ದು ನಾವು ಸೇರಿಸೋದು. ಒಳ ಅಂಚಿನ ಜಾಗ, ದಪ್ಪ, ಕಣದ ಗಾತ್ರ ಮೂರನ್ನೂ ಒಟ್ಟಿಗೆ ಆಡಿಸಿದ್ರೆ ಒಂದೇ ಸ್ಪೆಕ್ಟ್ರಮ್‌ಗೆ ಬೇರೆ ಬೇರೆ ಡಿಸ್ಕ್‌ಗಳು ಹೊಂದತ್ವೆ, ಇದನ್ನ ಯಾವ ಕೋಡೂ ತಪ್ಪಿಸಲಾರದು. ರಾಬಿಟೈಲ್ ತಂಡ 2006ರಲ್ಲಿ 20,000 ಮಾಡೆಲ್, ಒಂದೊಂದಕ್ಕೆ 10 ಕೋನ, ಒಟ್ಟು 2 ಲಕ್ಷ ಸ್ಪೆಕ್ಟ್ರಮ್ ಮುಂಚೆನೇ ಲೆಕ್ಕ ಹಾಕಿ ಇಟ್ಟಿದ್ದು ದೊಡ್ಡ ಉಪಕಾರ, ನೂರಾರು ನಕ್ಷತ್ರಗಳನ್ನ ಒಟ್ಟಿಗೆ ಜರಡಿ ಹಿಡಿಯೋಕೆ ಅದು ಸರಿ, ಆದ್ರೆ ಒಂದೇ ನಕ್ಷತ್ರದ ಡಿಸ್ಕ್ ಅರ್ಥ ಮಾಡ್ಕೊಬೇಕು ಅನ್ನೋರು ಅಲ್ಲಿಂದ ಬಂದ ಮೊದಲ ಉತ್ತರ ಹಿಡ್ಕೊಂಡು ನಿಲ್ಬೇಡಿ, ಇಲ್ಲಿ ಬಂದು ಒಂದೊಂದೇ ತಿರುಗಣೆ ತಿರುಗಿಸಿ.

ಮ್ಯಾನ್ಯುಅಲ್ ಬಗ್ಗೆ ಹೇಳ್ಲೇಬೇಕು, ವೈಜ್ಞಾನಿಕ ಸಾಫ್ಟ್‌ವೇರ್‌ಗಳಲ್ಲಿ ಇಷ್ಟು ಬಿಡಿಸಿ ಬರೆದ ಮ್ಯಾನ್ಯುಅಲ್ ನಾನು ಹೆಚ್ಚು ನೋಡಿಲ್ಲ. ಯಾವ ಫೈಲ್‌ನ ಯಾವ ಸಾಲಲ್ಲಿ ಏನು ಅಂತ ಮಾತ್ರ ಅಲ್ಲ, ಎಲ್ಲಿ ಎಡವ್ತೀರಿ ಅಂತಾನೂ ಬರ್ದಿದಾರೆ. ಇಂಗ್ಲಿಷಲ್ಲಿ ಮಾತ್ರ ಇದೆ, ಆದ್ರೂ ಭಾಷೆ ಸರಳ. ಉದಾಹರಣೆಗಳ ಫೋಲ್ಡರ್ ಒಳಗೆ ಪಿಪಿಡಿಸ್ಕ್ ಅಂತ ಹೆಸರಿರೋ ಮಾಡೆಲ್‌ಗಳಿವೆ, ಅವು ಡಿಸ್ಕ್‌ಗಂತಲೇ ಇರೋವು, ಅವನ್ನ ಕಾಪಿ ಮಾಡ್ಕೊಂಡೇ ಶುರು ಮಾಡಿ, ಸೊನ್ನೆಯಿಂದ ಬರೆಯೋಕೆ ಹೋಗ್ಬೇಡಿ.

ಹೋಲಿಸೋಕೆ ನಿಜವಾದ ಡೇಟಾ ಬೇಕಲ್ಲ, ಅದೂ ಪುಕ್ಕಟೆ. ಸ್ಪಿಟ್ಜರ್ ಐಆರ್‌ಎಸ್ ಸ್ಪೆಕ್ಟ್ರಮ್‌ಗಳನ್ನ ಶುದ್ಧ ಮಾಡಿ ಇಟ್ಟಿರೋ ಕಾರ್ನೆಲ್‌ನ ಕ್ಯಾಸಿಸ್ ಸಂಗ್ರಹದಲ್ಲಿ ನಕ್ಷತ್ರದ ಹೆಸರು ಹಾಕಿದ್ರೆ ಸಿಗತ್ತೆ. 2 ಮೈಕ್ರಾನ್ ಕಡೆಗೆ ನಮ್ಮವರ ಕೈಯಲ್ಲೂ ಉಪಕರಣ ಇದೆ, ಲಡಾಖ್‌ನ ಹಾನ್ಲೆಯಲ್ಲಿರೋ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕಕ್ಕೆ ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನೋರು ಮಾಡಿದ ಟಿರ್‌ಸ್ಪೆಕ್ ಅನ್ನೋ ಇನ್‌ಫ್ರಾರೆಡ್ ಉಪಕರಣ ಹಾಕಿದಾರೆ, ಆ ದೂರದರ್ಶಕ ನಡೆಸೋದು ನಮ್ಮ ಹೊಸಕೋಟೆಯ ಕ್ರೆಸ್ಟ್ ಕೇಂದ್ರದಿಂದ, ಭಾರತೀಯ ಖಭೌತ ಸಂಸ್ಥೆಯೋರದ್ದು. ಬೆಂಗಳೂರಿಂದ ಒಂದು ಗಂಟೆ ದಾರಿ ಅಷ್ಟೇ.

ಯಾರಿಗೆ ಬೇಡ ಅಂದ್ರೆ, ಮೌಸ್ ಕ್ಲಿಕ್ ಮಾಡಿ ಉತ್ತರ ಬೇಕು ಅನ್ನೋರಿಗೆ ಬೇಡ, ಟರ್ಮಿನಲ್ ಮುಟ್ಟೋಕೆ ಇಷ್ಟ ಇಲ್ದೋರಿಗೆ ಬೇಡ. ಉಳಿದೋರಿಗೆಲ್ಲಾ ನನ್ನ ಕಡೆಯಿಂದ ಐದಕ್ಕೆ ನಾಕೂವರೆ, ಅರ್ಧ ಕಳೆದಿರೋದು ಒಳ ಅಂಚಿನ ಜಾಲರಿ ಒರಟಾಗಿದೆ ಅಂತ ಪ್ರೋಗ್ರಾಮ್ ತಾನಾಗೇ ಎಚ್ಚರಿಸಿದ್ರೆ ಹೊಸಬ್ರಿಗೆ ಎಷ್ಟೋ ಅನುಕೂಲ ಆಗ್ತಿತ್ತು ಅಂತ. ಇವತ್ತೇ ಇಳಿಸ್ಕೊಂಡ್ರೆ, ಪಿಪಿಡಿಸ್ಕ್ ಉದಾಹರಣೆಯಲ್ಲಿ ಒಳ ಅಂಚನ್ನ 1500 ಕೆಲ್ವಿನ್ ಇರೋ ಜಾಗಕ್ಕೆ ಎಳ್ಕೊಂಡು ಬಂದು ಎಂಸಿಥರ್ಮ್ ಒಂದು ಸಲ ಓಡಿಸಿ, ಆಮೇಲೆ ತಾಪಮಾನ ಮುಟ್ಟದೇ ಬರೀ ನೋಡೋ ಕೋನ 0, 45, 80, 90 ಡಿಗ್ರಿ ಅಂತ ಬದಲಾಯಿಸ್ತಾ ನಾಕು ಸ್ಪೆಕ್ಟ್ರಮ್ ತೆಗೀರಿ. ಮೇಲಿಂದ ನೋಡಿದಾಗ ಎದ್ದು ನಿಂತಿರೋ 10 ಮೈಕ್ರಾನ್ ಉಬ್ಬು, ಡಿಸ್ಕ್‌ನ ಹೊರಭಾಗ ಅಡ್ಡ ಬರ್ತಾ ಬಂದಂಗೆ ಕುಗ್ಗಿ, ಅಂಚಿಂದ ನೋಡಿದಾಗ ಅದೇ ಜಾಗದಲ್ಲಿ ಗುಂಡಿ ಆಗಿರತ್ತೆ, ಡಿಸ್ಕ್‌ನ ಒಂದು ಕಣಾನೂ ನೀವು ಕದಲಿಸಿರಲ್ಲ.